ಪರೀಕ್ಷೆಯ ದಿಗಿಲಿಗಿಂತ ಸೆಮಿಸ್ಟರ್ ಪೂರ್ತಿ ಕಾಡುವ ಬೇಸರವೇ ದುಬಾರಿ

ಪ್ರಶ್ನೆ: ನಾನು ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದೆ. ಇಲ್ಲಿ ಮೊದಲ ಸೆಮಿಸ್ಟರಿನ ಗಣಿತ ಬ್ಯಾಕ್‌ಲಾಗ್ ಆಗಿ ಉಳಿದಿದೆ. ಎರಡನೆಯ ಸಲ ಬರೆದರೂ ಪಾಸಾಗಲಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಓದಿದ್ದೆಲ್ಲ ಮರೆತುಹೋಗುತ್ತದೆ. ಈಗೀಗ ತರಗತಿಯಲ್ಲೂ ಮನಸ್ಸು ನಿಲ್ಲುವುದಿಲ್ಲ. ಭಯದಿಂದಲೇ ಅಂಕ ಹೋಗುತ್ತಿದೆ ಎಂದು ಗೆಳೆಯರು ಹೇಳುತ್ತಾರೆ. ಓದದಿರುವುದಕ್ಕೆ ಇದೊಂದು ನೆಪ ಎಂದು ಅಣ್ಣ ಹೇಳುತ್ತಾನೆ. ಯಾರು ಸರಿ? ಭಾವನೆಗಳನ್ನು ಹತೋಟಿಗೆ ತಂದುಕೊಂಡರೆ ಅಂಕ ಏರುತ್ತದೆಯೇ? ಇದನ್ನು ಬಿಟ್ಟು ಬಿ.ಎಸ್ಸಿ. ಸೇರುವ ಯೋಚನೆಯೂ ಬಂದಿದೆ.

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲೂ ಅಣ್ಣನ ಮಾತಿನಲ್ಲೂ ಒಂದಿಷ್ಟು ಹುರುಳಿದೆ, ಆದರೆ ಇಬ್ಬರೂ ನೋಡಬೇಕಾದ ಜಾಗವನ್ನು ನೋಡುತ್ತಿಲ್ಲ. ಭಾವನೆಗೂ ಅಂಕಕ್ಕೂ ನಿಜವಾದ ಸಂಬಂಧವಿದೆ. ಅದನ್ನು ನೆಪ ಎಂದು ತಳ್ಳಿಹಾಕುವಂತಿಲ್ಲ. ಆ ಸಂಬಂಧದ ಹೆಚ್ಚಿನ ಪಾಲು ರೂಪುಗೊಳ್ಳುವುದು ಮಾತ್ರ ಪರೀಕ್ಷೆಗೆ ಹಿಂದಿನ ವಾರಗಳಲ್ಲಿ, ಪುಸ್ತಕ ತೆರೆಯುವುದೋ ಬೇಡವೋ ಎಂದು ಮನಸ್ಸು ಸದ್ದಿಲ್ಲದೆ ತೀರ್ಮಾನಿಸಿಬಿಡುವ ಸಂಜೆಗಳಲ್ಲಿ. ಆದ್ದರಿಂದ, ನೀವು ಬಿಡಿಸಿ ಬರೆದಿರುವ ಎದೆಬಡಿತಕ್ಕಿಂತ, ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರುವ ‘ಈಗೀಗ ತರಗತಿಯಲ್ಲೂ ಮನಸ್ಸು ನಿಲ್ಲುವುದಿಲ್ಲ’ ಎಂಬ ಮಾತು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ಮೊದಲು ಸಂಬಂಧದ ಗಾತ್ರವನ್ನು ನೋಡೋಣ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಂಕಗಳು ಯಾವುದರೊಡನೆ ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಎಂಬುದರ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಮಿಶೆಲ್ ರಿಚರ್ಡ್‌ಸನ್, ಚಾರ್ಲ್ಸ್ ಏಬ್ರಹಾಂ ಮತ್ತು ರಾಡ್ ಬಾಂಡ್ 2012ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಅದರಲ್ಲಿ ಪರೀಕ್ಷೆಯ ಆತಂಕಕ್ಕೂ ಅಂಕಕ್ಕೂ ಇರುವ ಸಹಸಂಬಂಧ ಸುಮಾರು ಮೈನಸ್ 0.24 ಎಂದು ಕಂಡುಬಂತು. ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ಣ ಸಂಬಂಧ, ಮೈನಸ್ ಎಂದರೆ ಒಂದು ಏರಿದಂತೆ ಇನ್ನೊಂದು ಇಳಿಯುವುದು ಎಂದಿಟ್ಟುಕೊಂಡರೆ, ಒಬ್ಬರಿಗೂ ಇನ್ನೊಬ್ಬರಿಗೂ ಅಂಕಗಳಲ್ಲಿ ಇರುವ ವ್ಯತ್ಯಾಸದ ನೂರು ಪಾಲಿನಲ್ಲಿ ಸುಮಾರು ಆರು ಪಾಲನ್ನು ಮಾತ್ರ ಆತಂಕದ ಜೊತೆ ಜೋಡಿಸಬಹುದು ಎಂದು ಇದರ ಅರ್ಥ. ಇದು ಕಡೆಗಣಿಸುವಷ್ಟು ಸಣ್ಣದಲ್ಲ. ಎರಡು ಸಲ ಗಣಿತ ಹೋದದ್ದಕ್ಕೆ ಪೂರ್ತಿ ಹೊಣೆ ಹೊರಿಸುವಷ್ಟು ದೊಡ್ಡದೂ ಅಲ್ಲ. ಅದೇ ಪರಿಶೀಲನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಂಬಂಧ ಕಂಡದ್ದು ‘ಈ ಸಲ ನಾನು ಇಷ್ಟು ಅಂಕ ತೆಗೆಯಬಲ್ಲೆ’ ಎಂಬ ವಿದ್ಯಾರ್ಥಿಯ ಸ್ವಂತ ಅಂದಾಜಿನಲ್ಲಿ: 0.59. ಆತ್ಮವಿಶ್ವಾಸವೇ ಎಲ್ಲ ಎಂದು ಭಾಷಣ ಮಾಡುವವರು ಇಂತಹ ಅಂಕಿಯನ್ನು ತಕ್ಷಣ ಎತ್ತಿಕೊಳ್ಳುತ್ತಾರೆ. ಆದರೆ ಹಿಂದೆ ಒಳ್ಳೆಯ ಅಂಕ ಪಡೆದವರೇ ಮುಂದೆಯೂ ಒಳ್ಳೆಯ ಅಂಕವನ್ನು ನಿರೀಕ್ಷಿಸುತ್ತಾರೆ ಎಂಬ ಸರಳ ಸಂಗತಿಯೂ ಆ ಸಂಖ್ಯೆಯೊಳಗೆ ಸೇರಿಕೊಂಡಿದೆ. ವಿಶ್ವಾಸ ಅಂಕವನ್ನು ತರುತ್ತದೆ, ಅಂಕ ವಿಶ್ವಾಸವನ್ನು ತರುತ್ತದೆ. ಈ ಎರಡನ್ನು ಬೇರೆ ಮಾಡಿ ತೋರಿಸಲು ಒಂದೇ ದಿನದ ಪ್ರಶ್ನಾವಳಿ ಸಾಲದು.

ಇನ್ನು ಭಯದ ವಿಷಯ. ಪರೀಕ್ಷೆಯ ಆತಂಕವನ್ನು ವ್ಯವಸ್ಥಿತವಾಗಿ ಅಳೆಯುವ ಕೆಲಸ 1952ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುರಿತು ಜಾರ್ಜ್ ಮ್ಯಾಂಡ್ಲರ್ ಮತ್ತು ಸೇಮೂರ್ ಸರಸನ್ ನಡೆಸಿದ ಅಧ್ಯಯನದಿಂದ ಹೆಸರು ಪಡೆಯಿತು. ಹದಿನೈದು ವರ್ಷಗಳ ನಂತರ, 1967ರಲ್ಲಿ, ರಾಬರ್ಟ್ ಲೀಬರ್ಟ್ ಮತ್ತು ಲ್ಯಾರಿ ಮಾರಿಸ್ ಈ ಆತಂಕವನ್ನು ಎರಡು ಭಾಗಗಳಾಗಿ ವಿಂಗಡಿಸಿದರು. ಎದೆಬಡಿತ, ಬೆವರು, ಹೊಟ್ಟೆ ತೊಳಸುವುದು ಮುಂತಾದ ದೇಹದ ಉದ್ವೇಗ ಒಂದು. ‘ಫೇಲಾದರೆ ಮನೆಯವರಿಗೆ ಏನು ಹೇಳಲಿ, ಪಕ್ಕದವನು ಆಗಲೇ ಎರಡನೆಯ ಪುಟಕ್ಕೆ ಹೋದನಲ್ಲ’ ಎಂದು ತಲೆಯೊಳಗೆ ಸುತ್ತುವ ಚಿಂತೆ ಇನ್ನೊಂದು. ಅಲ್ಲಿಂದೀಚೆಗೆ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದದ್ದೇನೆಂದರೆ, ಅಂಕದ ಕುಸಿತಕ್ಕೆ ಹೆಚ್ಚು ಹತ್ತಿರವಿರುವುದು ಎರಡನೆಯದು. ಒಂದು ಲೆಕ್ಕವನ್ನು ಬಿಡಿಸುವಾಗ ಹಿಂದಿನ ಹೆಜ್ಜೆಯನ್ನು ನೆನಪಿನಲ್ಲಿ ಹಿಡಿದುಕೊಂಡು ಮುಂದಿನ ಹೆಜ್ಜೆಯನ್ನು ಯೋಚಿಸಲು ಮನಸ್ಸಿಗೆ ಇರುವ ಅವಕಾಶ ಬಹಳ ಕಿರಿದು. ಚಿಂತೆ ಅದೇ ಅವಕಾಶದಲ್ಲಿ ಪಾಲು ಕೇಳುತ್ತದೆ. ಎದೆಬಡಿತ ಅಷ್ಟಾಗಿ ಕೇಳುವುದಿಲ್ಲ. ಹೀಗಾಗಿ ನಿಮಗೆ ಅತ್ಯಂತ ಭಯಂಕರವಾಗಿ ತೋರುವ ಲಕ್ಷಣವೇ ಬಹುಶಃ ಅತ್ಯಂತ ಕಡಿಮೆ ಹಾನಿ ಮಾಡುವ ಲಕ್ಷಣ.

‘ಓದಿದ್ದೆಲ್ಲ ಮರೆತುಹೋಗುತ್ತದೆ’ ಎಂಬ ನಿಮ್ಮ ಅನುಭವವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಲ್ಲಿ ನಂಬಿಕೆಗೂ ಪುರಾವೆಗೂ ಅಂತರವಿದೆ. ಜರ್ಮನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಬರೆಯಬೇಕಾದ ದೊಡ್ಡ ರಾಜ್ಯ ಪರೀಕ್ಷೆಗೆ ಡಿಜಿಟಲ್ ಕಲಿಕಾ ವೇದಿಕೆಯೊಂದರಲ್ಲಿ ಸಿದ್ಧರಾಗುತ್ತಿದ್ದ 309 ಮಂದಿಯನ್ನು ಮರಿಯಾ ಥಿಯೋಬಾಲ್ಡ್ ಮತ್ತು ಸಹೋದ್ಯೋಗಿಗಳು ಅನುಸರಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಆತಂಕ ಹೆಚ್ಚಿದ್ದವರಿಗೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದು ನಿಜ. ಆದರೆ ಪರೀಕ್ಷೆಗೆ ಮೊದಲು ಅವರಿಗೆ ವಿಷಯ ಎಷ್ಟು ಗೊತ್ತಿತ್ತು ಎಂಬುದನ್ನು ಅಭ್ಯಾಸದ ಪ್ರಶ್ನೆಗಳು ಮತ್ತು ಮಾದರಿ ಪರೀಕ್ಷೆಯ ಅಂಕಗಳಿಂದ ಲೆಕ್ಕಕ್ಕೆ ತೆಗೆದುಕೊಂಡಾಗ, ಆತಂಕದ ಪ್ರತ್ಯೇಕ ಪ್ರಭಾವ ಉಳಿಯಲಿಲ್ಲ. ಗೊತ್ತಿದ್ದವರು ಹೆದರಿದ್ದರೂ ಬರೆದರು. ಇದಕ್ಕಿಂತ ಗಮನಾರ್ಹವಾದದ್ದು ಇನ್ನೊಂದಿದೆ: ಸ್ವಭಾವತಃ ಪರೀಕ್ಷೆಗೆ ಹೆಚ್ಚು ಆತಂಕಪಡುವವರು ತಯಾರಿಯ ಅವಧಿಯಲ್ಲಿಯೇ ಉಳಿದವರಿಗಿಂತ ಕಡಿಮೆ ಕಲಿತಿದ್ದರು. ಹಾನಿ ನಡೆದದ್ದು ಪರೀಕ್ಷಾ ಕೊಠಡಿಯ ಹೊರಗೆ.

ಈ ಅಧ್ಯಯನವನ್ನು ನಿಮ್ಮ ಸ್ಥಿತಿಗೆ ನೇರವಾಗಿ ಹಚ್ಚಲಾಗದು ಎಂಬುದನ್ನೂ ಹೇಳಬೇಕು. ಅವರು ಪರೀಕ್ಷೆಗಳಲ್ಲಿ ಪಳಗಿದವರು, ಮತ್ತು ಅವರ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದು. ಐದು ಮಾಡ್ಯೂಲುಗಳಿಂದ ಒಂದೊಂದು ಪೂರ್ಣ ಪ್ರಶ್ನೆ ಆರಿಸಿಕೊಂಡು ಮೂರು ಗಂಟೆ ಹಂತ ಹಂತವಾಗಿ ಬಿಡಿಸಿ ಬರೆಯುವ ಗಣಿತದಲ್ಲಿ ಚಿಂತೆ ಸ್ವಲ್ಪ ಹೆಚ್ಚು ಅಡ್ಡ ಬರಬಹುದು ಎಂದು ಊಹಿಸಲು ಕಾರಣವಿದೆ. ಆದರೂ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಇದರಿಂದ ಹುಟ್ಟುತ್ತದೆ: ಪರೀಕ್ಷೆಗೆ ಹಿಂದಿನ ವಾರ, ಹಾಸ್ಟೆಲಿನ ಕೋಣೆಯಲ್ಲಿ, ನೋಟ್ಸ್ ಮುಚ್ಚಿಟ್ಟು, ಯಾವ ಭಯವೂ ಇಲ್ಲದಿದ್ದಾಗ, ಹಳೆಯ ಪ್ರಶ್ನೆಪತ್ರಿಕೆಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನೀವು ಬಿಡಿಸಿದ್ದಿರಾ? ಬಿಡಿಸಿದ ಲೆಕ್ಕವನ್ನು ಓದಿ ‘ಹೌದು, ಅರ್ಥವಾಯಿತು’ ಎಂದು ತಲೆದೂಗುವುದಕ್ಕೂ, ಖಾಲಿ ಹಾಳೆಯ ಮೇಲೆ ಅದನ್ನು ತಾನೇ ಬರೆಯುವುದಕ್ಕೂ ಬಹಳ ದೂರವಿದೆ. ಮೊದಲನೆಯದನ್ನು ಮಾತ್ರ ಮಾಡಿದವರಿಗೆ ಪರೀಕ್ಷೆಯಲ್ಲಿ ‘ಮರೆತುಹೋಯಿತು’ ಎಂದೇ ಅನಿಸುತ್ತದೆ. ನಿಜದಲ್ಲಿ ಅದು ಹಾಗೆ ಬರೆಯುವ ಮಟ್ಟಿಗೆ ಕಲಿತದ್ದೇ ಆಗಿರುವುದಿಲ್ಲ. ಅಣ್ಣನ ಮಾತಿನಲ್ಲಿ ಹುರುಳಿರುವುದು ಇಷ್ಟರ ಮಟ್ಟಿಗೆ. ನೀವು ಓದಲಿಲ್ಲ ಎಂದು ನಾನು ಹೇಳುತ್ತಿಲ್ಲ. ಓದಿದ ಬಗೆ ಪರೀಕ್ಷೆ ಕೇಳುವ ಬಗೆಗೆ ಹೊಂದಿರಲಿಲ್ಲ ಎಂಬ ಸಾಧ್ಯತೆ ದೊಡ್ಡದು.

ಹಾಗಾದರೆ ಭಾವನೆಗಳು ಆ ಹಿಂದಿನ ವಾರಗಳಲ್ಲಿ ಏನು ಮಾಡುತ್ತವೆ? ಇದಕ್ಕೆ ಈಗ ಹೆಚ್ಚು ಬಳಕೆಯಲ್ಲಿರುವ ವಿವರಣೆ ಜರ್ಮನಿಯ ಮನೋವಿಜ್ಞಾನಿ ರೈನ್‌ಹಾರ್ಡ್ ಪೆಕ್ರುನ್ ಅವರದು. ಅವರು 2006ರಲ್ಲಿ ವಿಸ್ತಾರವಾಗಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಓದಿಗೆ ಸಂಬಂಧಿಸಿದ ಭಾವನೆಗಳು ಎರಡು ಅಂದಾಜುಗಳಿಂದ ಹುಟ್ಟುತ್ತವೆ: ಈ ವಿಷಯದ ಮೇಲೆ ನನಗೆ ಹಿಡಿತವಿದೆಯೇ ಎಂಬುದು ಒಂದು, ಇದು ನನಗೆ ಎಷ್ಟು ಮುಖ್ಯ ಎಂಬುದು ಮತ್ತೊಂದು. ಬಹಳ ಮುಖ್ಯವೆನಿಸಿ, ಹಿಡಿತ ಸಿಕ್ಕೀತೋ ಇಲ್ಲವೋ ಎಂಬ ಅನುಮಾನವಿದ್ದರೆ ಆತಂಕ. ಮುಖ್ಯವೆನಿಸಿಯೂ ಹಿಡಿತ ಸಿಗುವುದೇ ಇಲ್ಲ ಎಂದು ಖಚಿತವಾದರೆ ಹತಾಶೆ. ಹಿಡಿತವಿದ್ದು ವಿಷಯವೂ ಮೆಚ್ಚುಗೆಯಾದರೆ ಖುಷಿ. ಮುಖ್ಯವೇ ಅಲ್ಲ ಎನಿಸಿದರೆ ಬೇಸರ. ಪಾಠ ತೀರಾ ಸುಲಭವಾದಾಗಲೂ ತೀರಾ ಕಠಿಣವಾದಾಗಲೂ ಅದು ಬರುತ್ತದೆ. ಪೆಕ್ರುನ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಪ್ರಶ್ನಾವಳಿ ಖುಷಿ, ಭರವಸೆ, ಹೆಮ್ಮೆ, ಸಿಟ್ಟು, ಆತಂಕ, ನಾಚಿಕೆ, ಹತಾಶೆ ಮುಂತಾದ ಭಾವನೆಗಳನ್ನು ತರಗತಿ, ಓದು, ಪರೀಕ್ಷೆ ಎಂಬ ಮೂರು ಸಂದರ್ಭಗಳಲ್ಲಿ ಬೇರೆ ಬೇರೆಯಾಗಿ ಅಳೆಯುತ್ತದೆ. ಪರೀಕ್ಷೆಗೆ ಮಾತ್ರ ಹೆದರುವವರು ಬೇರೆ, ತರಗತಿಗೇ ಹೆದರುವವರು ಬೇರೆ ಎಂಬುದನ್ನು ನಮ್ಮ ಕಾಲೇಜುಗಳು ಇನ್ನೂ ಗಮನಿಸಬೇಕಾಗಿದೆ.

ಬೇಸರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಸಮಸ್ಯೆಯೆಂದು ಹೇಳಿಕೊಂಡು ಬರುವುದಿಲ್ಲ. ಭಯಕ್ಕೆ ಲಕ್ಷಣಗಳಿವೆ, ಮನೆಯವರಿಗೆ ಕಾಣುತ್ತದೆ; ಬೇಸರಪಟ್ಟವನು ಕೊನೆಯ ಬೆಂಚಿನಲ್ಲಿ ಮೊಬೈಲ್ ನೋಡುತ್ತ ಕುಳಿತಿರುತ್ತಾನೆ, ಅವನನ್ನು ಸೋಮಾರಿ ಎಂದು ಕರೆದು ಎಲ್ಲರೂ ಸುಮ್ಮನಾಗುತ್ತಾರೆ. ಓದುತ್ತಿರುವಾಗ ಮೂಡುವ ಭಾವನೆಗಳ ಬಗ್ಗೆ 2021ರಲ್ಲಿ ಪ್ರಕಟವಾದ, 68 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಬೇಸರಕ್ಕೂ ಸಾಧನೆಗೂ ಇರುವ ಸಂಬಂಧ ಮೈನಸ್ 0.25 ಎಂದು ಕಂಡುಬಂತು. ಅಂದರೆ ಇಷ್ಟೆಲ್ಲ ಸದ್ದು ಮಾಡುವ ಪರೀಕ್ಷೆಯ ಭಯದಷ್ಟೇ ಭಾರ. ಸಿಟ್ಟಿನದು ಇನ್ನೂ ಹೆಚ್ಚು, ಮೈನಸ್ 0.35. ಖುಷಿಯದು ಪ್ಲಸ್ 0.27. ಬಗೆಹರಿಯದ ಲೆಕ್ಕದ ಮುಂದೆ ಕುಳಿತಾಗ ಆಗುವ ಕಿರಿಕಿರಿಗೆ ಮಾತ್ರ ಸಾಧನೆಯೊಡನೆ ಹೆಚ್ಚುಕಡಿಮೆ ಯಾವ ಸಂಬಂಧವೂ ಕಾಣಲಿಲ್ಲ ಎಂಬುದು ನಿಮಗೆ ಸಮಾಧಾನ ಕೊಡಬೇಕಾದ ಸಂಗತಿ: ಲೆಕ್ಕ ಬಾರದೆ ಪೆನ್ನು ಎಸೆಯಬೇಕೆನಿಸುವುದು ಕಲಿಕೆ ಕೆಟ್ಟಿದೆ ಎಂಬುದರ ಗುರುತಾಗಬೇಕಿಲ್ಲ.

ಯಾವುದು ಕಾರಣ, ಯಾವುದು ಪರಿಣಾಮ ಎಂಬುದಕ್ಕೆ ಹತ್ತಿರದ ಉತ್ತರವೂ ಬೇಸರದ ಅಧ್ಯಯನದಿಂದಲೇ ಬಂದಿದೆ. ಪೆಕ್ರುನ್ ಮತ್ತು ಸಹೋದ್ಯೋಗಿಗಳು ಜರ್ಮನಿಯ 424 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಒಂದು ಶೈಕ್ಷಣಿಕ ವರ್ಷವಿಡೀ ಹಲವು ಸಲ ಅಳೆದು, 2014ರಲ್ಲಿ ವರದಿ ಮಾಡಿದರು. ಬೇಸರ ಹೆಚ್ಚಿದ್ದವರಿಗೆ ಮುಂದಿನ ಪರೀಕ್ಷೆಯಲ್ಲಿ ಅಂಕ ತಗ್ಗಿತು. ಅಂಕ ತಗ್ಗಿದವರಲ್ಲಿ ಮುಂದಿನ ಅವಧಿಯ ಬೇಸರ ಹೆಚ್ಚಿತು. ಇದು ಎರಡೂ ಕಡೆಯಿಂದ ತಿರುಗುವ ಗಾಣ. ನೀವು ಬರೆದಿರುವ ಕ್ರಮವೂ ಹೀಗೆಯೇ ಇದೆ: ಮೊದಲು ಗಣಿತದಲ್ಲಿ ಸೋಲು, ಆಮೇಲೆ ಪರೀಕ್ಷೆಯಲ್ಲಿ ದಿಗಿಲು, ಎರಡನೆಯ ಸೋಲಿನ ಬಳಿಕ ತರಗತಿಯಲ್ಲಿ ನಿಲ್ಲದ ಮನಸ್ಸು. ಆತಂಕ ಇರುವಷ್ಟು ಕಾಲ ವಿಷಯ ನಿಮಗೆ ಮುಖ್ಯವಾಗಿಯೇ ಇರುತ್ತದೆ. ಸೋಲಬಾರದು ಎಂಬ ಹಟಕ್ಕೆ ಕೆಲವರು ಹೆಚ್ಚು ಓದುವುದೂ ಉಂಟು. ಆತಂಕ ಬೇಸರಕ್ಕೆ ಅಥವಾ ಹತಾಶೆಗೆ ತಿರುಗಿದಾಗ ಅಷ್ಟು ಹಟವೂ ಉಳಿಯುವುದಿಲ್ಲ. ಸೋಲುವ ವಿಷಯವನ್ನು ‘ಇದು ನನಗೆ ಬೇಕಾಗಿಯೇ ಇಲ್ಲ’ ಎಂದುಕೊಂಡರೆ ನೋವು ಕಡಿಮೆಯಾಗುತ್ತದೆ, ಅಷ್ಟಕ್ಕಾಗಿಯೇ ಮನಸ್ಸು ಆ ದಾರಿ ಹಿಡಿಯುತ್ತದೆ ಎಂಬುದು ನನ್ನ ಓದು. ನಿಮ್ಮ ಬಿ.ಎಸ್ಸಿ. ಯೋಚನೆಯನ್ನು ನಾನು ಇದರ ಜೊತೆಗಿಟ್ಟು ನೋಡುತ್ತಿದ್ದೇನೆ.

ಕನ್ನಡ ಮಾಧ್ಯಮದಿಂದ ಬಂದದ್ದು ಈ ಹಿಡಿತದ ಪ್ರಶ್ನೆಗೆ ನೇರವಾಗಿ ಸೇರುತ್ತದೆ. ಪಿಯುಸಿಯಲ್ಲಿ ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಮೊದಲ ಬಾರಿಗೆ ಎದುರಾದಾಗ ವಿಷಯವೂ ಹೊಸದು, ಅದನ್ನು ಹೇಳುವ ಭಾಷೆಯೂ ಹೊಸದು. ಸೂತ್ರಗಳನ್ನು ಬಾಯಿಪಾಠ ಮಾಡಿ ದಾಟಿಕೊಂಡವರು ಬಹಳ ಮಂದಿ. ಎಂಜಿನಿಯರಿಂಗ್ ಗಣಿತ ಅದೇ ಅಡಿಪಾಯದ ಮೇಲೆ ನಿಲ್ಲುವುದರಿಂದ ಬಿರುಕು ಇಲ್ಲಿ ಕಾಣುತ್ತದೆ. ಇದರಲ್ಲಿ ಬುದ್ಧಿಯ ಕೊರತೆ ಏನೂ ಇಲ್ಲ. ಆದರೆ ತರಗತಿಯಲ್ಲಿ ಸಂದೇಹ ಕೇಳಲು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ, ನಾಚಿಕೆಯಿಂದ ಪ್ರಶ್ನೆ ಒಳಗೇ ಉಳಿಯುತ್ತದೆ, ಮತ್ತು ಉಳಿದ ಪ್ರಶ್ನೆಗಳ ಸಂಖ್ಯೆ ಹೆಚ್ಚಾದಂತೆ ಹಿಡಿತ ಕಡಿಮೆಯಾಗುತ್ತದೆ. ಅಧ್ಯಾಪಕರ ಕೋಣೆಗೆ ಹೋಗಿ ಕನ್ನಡದಲ್ಲೇ ಕೇಳಿ. ನಮ್ಮ ಬಹುಪಾಲು ಅಧ್ಯಾಪಕರು ಕನ್ನಡದಲ್ಲಿ ಉತ್ತರಿಸಬಲ್ಲವರೇ, ಕೇಳುವವರು ಕಡಿಮೆ.

ಭಾವನೆಗಳನ್ನು ಹತೋಟಿಗೆ ತಂದರೆ ಅಂಕ ಏರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಬರಿಯ ಹತೋಟಿಯಿಂದ ಸ್ವಲ್ಪ, ಓದುವ ಬಗೆಯನ್ನು ಬದಲಿಸುವುದರ ಜೊತೆ ಸೇರಿದರೆ ಹೆಚ್ಚು. ಭಾವನಾತ್ಮಕ ಬುದ್ಧಿಮತ್ತೆಯ, ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ ನಿಭಾಯಿಸುವ ಶಕ್ತಿಯ, ಹೆಸರಿನಲ್ಲಿ ಕಾರ್ಯಾಗಾರ ನಡೆಸಿ ಅಂಕದ ಭರವಸೆ ಕೊಡುವವರ ಬಗ್ಗೆ ಎಚ್ಚರವಿರಲಿ. ಕ್ಯಾರೊಲಿನ್ ಮ್ಯಾಕ್‌ಕ್ಯಾನ್ ಮತ್ತು ಸಹೋದ್ಯೋಗಿಗಳು 2020ರಲ್ಲಿ 42 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಈ ಗುಣಕ್ಕೂ ಶೈಕ್ಷಣಿಕ ಸಾಧನೆಗೂ ಕಂಡ ಸಂಬಂಧ 0.20, ಆ ಗುಣವನ್ನು ವಿದ್ಯಾರ್ಥಿಗಳು ಅದಕ್ಕೆಂದು ತಮಗೆ ತಾವೇ ಕೊಟ್ಟುಕೊಂಡ ಅಂಕಗಳಿಂದ ಅಳೆದಾಗ ಸಂಬಂಧ 0.12ಕ್ಕೆ ಇಳಿಯಿತು. ಪರೀಕ್ಷೆಯ ಆತಂಕವಿರುವ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ನೀಡಿದ ಚಿಕಿತ್ಸೆಗಳ 44 ಪ್ರಯೋಗಗಳನ್ನು 2019ರಲ್ಲಿ ಪರಿಶೀಲಿಸಿದವರಿಗೂ ಇಂಥದೇ ಚಿತ್ರ ಸಿಕ್ಕಿತು: ಚಿಕಿತ್ಸೆಯಿಂದ ಆತಂಕ ಇಳಿದಷ್ಟು ಪ್ರಮಾಣದಲ್ಲಿ ಅಂಕ ಏರಲಿಲ್ಲ, ಆದರೂ ಸ್ವಲ್ಪ ಏರಿತು.

ಆದ್ದರಿಂದ ನಿಮ್ಮ ಕೆಲಸ ಗಣಿತದಿಂದಲೇ ಆರಂಭವಾಗಲಿ. ಬ್ಯಾಕ್‌ಲಾಗ್ ಪತ್ರಿಕೆಯ ಐದು ಮಾಡ್ಯೂಲುಗಳಲ್ಲಿ ನಿಮಗೆ ಅತ್ಯಂತ ಹತ್ತಿರವಾದ ಒಂದನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ಪಿಯುಸಿ ಭಾಗಕ್ಕೆ ಹಿಂದಿರುಗಿ, ಅಲ್ಲಿಂದ ಮೇಲೆ ಬನ್ನಿ. ಬಿಡಿಸಿದ ಲೆಕ್ಕವನ್ನು ಒಮ್ಮೆ ಓದಿ, ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ. ಎಲ್ಲಿ ನಿಂತಿತೋ ಅಲ್ಲಿ ಮಾತ್ರ ತೆರೆದು ನೋಡಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ. ನೆನಪಿನಿಂದ ಹೊರತೆಗೆಯುವ ಇಂತಹ ಅಭ್ಯಾಸ ಮರುಓದಿಗಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲೇ ತೋರಿಸಿದರು. ನಿಮ್ಮ ವಿಷಯದಲ್ಲಿ ಇದಕ್ಕೆ ಇನ್ನೊಂದು ಉಪಯೋಗವಿದೆ: ಗೊತ್ತಿದೆ ಎಂಬ ಭ್ರಮೆ ಪರೀಕ್ಷಾ ಕೊಠಡಿಯಲ್ಲಿ ಒಡೆಯುವ ಬದಲು ನಿಮ್ಮ ಮೇಜಿನ ಮೇಲೇ ಒಡೆಯುತ್ತದೆ, ಸರಿಪಡಿಸಿಕೊಳ್ಳಲು ಸಮಯವಿರುವಾಗಲೇ. ಕೊನೆಯ ಎರಡು ವಾರ ಪೂರ್ತಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಎದೆ ಹೊಡೆದುಕೊಳ್ಳುತ್ತಿರುವಾಗಲೂ ಬರೆಯಬಹುದು ಎಂಬುದು ಕೈಗೆ ಗೊತ್ತಾಗಬೇಕು.

ಪರೀಕ್ಷೆಯ ದಿನಕ್ಕೆಂದು ಎರಡು ಉಪಾಯಗಳನ್ನು ಹೇಳಬಹುದು. ಹಾರ್ವರ್ಡ್‌ನಲ್ಲಿ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಎದೆಬಡಿತ ಕೆಲಸಕ್ಕೆ ನೆರವಾಗಲೂಬಹುದು ಎಂದು ಮೊದಲೇ ತಿಳಿಸಲಾಗಿದ್ದ ವಿದ್ಯಾರ್ಥಿಗಳು ಗಣಿತದ ಭಾಗದಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಎದೆ ಬಡಿಯುವುದನ್ನು ನಿಲ್ಲಿಸಲು ಹೆಣಗುವುದಕ್ಕಿಂತ ಅದನ್ನು ಅದರ ಪಾಡಿಗೆ ಬಿಟ್ಟು ಮೊದಲ ಪ್ರಶ್ನೆಗೆ ಹೋಗುವುದು ಲೇಸು. ಮತ್ತೊಂದು, ಪರೀಕ್ಷೆಗೆ ಮೊದಲು ಹತ್ತು ನಿಮಿಷ ಚಿಂತೆಗಳನ್ನು ಕಾಗದದ ಮೇಲೆ ಬರೆದುಹಾಕುವ ಪದ್ಧತಿ. ಜೆರಾರ್ಡೊ ರಾಮಿರೆಸ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಇದರಿಂದ ಅಂಕ ಸುಧಾರಿಸಿದ್ದನ್ನು ತೋರಿಸಿ ಹೆಸರು ಮಾಡಿದರು, ಆದರೆ ನಂತರದ ಪ್ರಯತ್ನಗಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಖರ್ಚಿಲ್ಲದ ಕೆಲಸವಾದ್ದರಿಂದ ಮಾಡಿ ನೋಡಬಹುದು. ಅದರ ಮೇಲೆ ಭಾರ ಹಾಕಬೇಡಿ. ‘ಸ್ವಲ್ಪ ಭಯ ಒಳ್ಳೆಯದು, ಹೆಚ್ಚಾದರೆ ಕೆಟ್ಟದ್ದು’ ಎಂದು ಗಂಟೆಯಾಕಾರದ ಗೆರೆ ಎಳೆದು ತೋರಿಸುವವರು ಸಿಕ್ಕಾರು. ಅದರ ಮೂಲವೆಂದು ಹೇಳಲಾಗುವ 1908ರ ಪ್ರಯೋಗದಲ್ಲಿ ಇದ್ದದ್ದು ವಿದ್ಯುತ್ ಆಘಾತ ತಿನ್ನುತ್ತಿದ್ದ ಇಲಿಗಳು. ಅದರಿಂದ ಸೆಮಿಸ್ಟರ್ ಪರೀಕ್ಷೆಗೆ ಪಾಠ ಕಲಿಯುವುದು ಅತಿಯಾಯಿತು.

ಅಣ್ಣನಿಗೂ ಈ ಉತ್ತರವನ್ನು ತೋರಿಸಿ. ‘ನೆಪ’ ಎಂಬ ಮಾತು ನಾಚಿಕೆಯನ್ನು ಹೆಚ್ಚಿಸುತ್ತದೆ, ಮತ್ತು ನಾಚಿಕೆಪಟ್ಟವರಲ್ಲಿ ಮೇಲೆದ್ದು ಬರುವವರು ತಮಗೆ ಇನ್ನೂ ದಾರಿ ಇದೆ ಎಂದು ನಂಬಿದವರು ಮಾತ್ರ. ‘ಎಷ್ಟು ಬಂತು’ ಎಂದು ಕೇಳುವ ಬದಲು ‘ಈ ವಾರ ಯಾವ ಲೆಕ್ಕ ತಾನಾಗಿ ಬಂತು’ ಎಂದು ಅವರು ಕೇಳಿದರೆ ಅದೇ ನೆರವು. ಇನ್ನೊಂದು ಮಾತು: ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಅದು ಓದಿನ ಬಗೆ ಬದಲಿಸಿ ಸರಿಪಡಿಸುವ ವಿಷಯವಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾಲೇಜಿನ ಆಪ್ತಸಮಾಲೋಚಕರನ್ನೋ ಹತ್ತಿರದ ಮನೋವೈದ್ಯರನ್ನೋ ತಡಮಾಡದೆ ಕಾಣಬೇಕು.

ಕೋರ್ಸ್ ಬಿಡುವ ನಿರ್ಧಾರವನ್ನು ಫಲಿತಾಂಶ ಬಂದ ವಾರದಲ್ಲಿ ತೆಗೆದುಕೊಳ್ಳಬೇಡಿ. ಆ ವಾರದಲ್ಲಿ ನಿರ್ಧರಿಸುವುದು ನೀವಲ್ಲ, ನಾಚಿಕೆ. ಮೇಲೆ ಹೇಳಿದ ರೀತಿಯಲ್ಲಿ ಒಂದು ಪರೀಕ್ಷೆಯ ತಯಾರಿಯನ್ನು ಪೂರ್ತಿ ಮಾಡಿ ನೋಡಿ. ಪಾಸಾದ ವಿಷಯಗಳಲ್ಲಿ ಯಾರೂ ಹೇಳದೆ ನೀವಾಗಿಯೇ ಪುಸ್ತಕ ತೆರೆದದ್ದು ಯಾವುದಕ್ಕೆ ಎಂಬುದನ್ನೂ ಗಮನಿಸಿ. ಅಂತಹ ಒಂದು ವಿಷಯವೂ ಇಲ್ಲದಿದ್ದರೆ, ಗಣಿತ ಪಾಸಾದರೂ ಎಂಜಿನಿಯರಿಂಗ್ ನಿಮಗೆ ಬೇಕಿಲ್ಲ ಎನ್ನಲು ಆಧಾರವಿದೆ, ಆಗ ಬದಲಾಯಿಸುವುದರಲ್ಲಿ ತಪ್ಪಿಲ್ಲ. ಒಂದೆರಡಾದರೂ ಇದ್ದರೆ, ನೀವು ಬಿಡಬೇಕೆಂದಿರುವುದು ಎಂಜಿನಿಯರಿಂಗನ್ನಲ್ಲ, ಗಣಿತವನ್ನು. ಆಗ ಬಿ.ಎಸ್ಸಿ.ಯಲ್ಲಿ ಯಾವ ವಿಷಯಗಳ ಜೋಡಿ ಎಂಬುದನ್ನು ಮೊದಲು ವಿಚಾರಿಸಿ, ಏಕೆಂದರೆ ಭೌತಶಾಸ್ತ್ರ ಮತ್ತು ಗಣಿತದ ಜೋಡಿ ತೆಗೆದುಕೊಂಡರೆ ಇದೇ ಡಿಫರೆನ್ಸಿಯೇಶನ್, ಇದೇ ಇಂಟಿಗ್ರೇಶನ್ ಅಲ್ಲಿಯೂ ನಿಮ್ಮನ್ನು ಎದುರುಗೊಳ್ಳುತ್ತವೆ.